ಹೆಗ್ಗಣದಜ್ಜಿಯ ಕೊನೆಯ ಸೀನು

"ನಮ್ಮಮ್ಮನ ಹೆಗ್ಗಣ ಹೀಗೆ ಮಾತಾಡಲ್ಲ!"

ಸ್ಕ್ರಿಪ್ಟನ್ನು ಅವಳ ಮೇಜಿನ ಮೇಲೆ ಹಾಕಿ ಅವನು ಆಡಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ!

ಅವಳು ತಲೆಯೆತ್ತಿದಳು. ಎದುರಿಗೆ ಬೂದು ಸ್ವೆಟರಿನ ಉದ್ದನೆಯ ಆಸಾಮಿ. ಕಣ್ಣ ಕೆಳಗೆ ಕಪ್ಪು. ನಗು ಎಂಬುದು ಆ ಮುಖದ ದಾರಿ ಮರೆತು ಬಹಳ ಕಾಲವಾದ ಹಾಗಿತ್ತು.

'ಯಾರಪ್ಪ ಇವನು? ಮೂಗಿನ ತುದಿಯಲ್ಲೇ ಕೋಪ ಇಟ್ಕೊಂಡು ಬಂದಿದಾನೆ...'

"ನಿಮ್ಮಮ್ಮನ ಹೆಗ್ಗಣ ಅಂದ್ರೆ?"

"ಡುಬ್ಬ. ಆ ಪುಸ್ತಕಗಳನ್ನ ಬರೆದಿದ್ದು ನಮ್ಮಮ್ಮ."

ಅಷ್ಟು ಹೊತ್ತು ಕಾಲ ಮೇಲೆ ಕಾಲು ಹಾಕಿ ಕೂತಿದ್ದವಳು ಗೊತ್ತಿಲ್ಲದೇ ಎದ್ದು ನಿಂತಳು.

ಡುಬ್ಬನ ಪುಸ್ತಕಗಳೆಂದರೆ ಸುಮ್ಮನೆಯೇ! ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ಕೆಳಗಿನ ಬಿಲದಲ್ಲಿ ಅಜ್ಜಿಯ ಜೊತೆ ಬದುಕುವ ಹೆಗ್ಗಣದ ಮರಿ ಡುಬ್ಬ. ಅವನ ಕಥೆ ಕೇಳದೆ ನಿದ್ದೆ ಹೋದ ಮಗು ಆ ಊರಲ್ಲಿ ಇರಲಿಲ್ಲ. ಈಗ ಅದನ್ನು ಟೀವಿಗೆ ಕಾರ್ಟೂನು ಮಾಡುತ್ತಿದ್ದರು. ಚಿತ್ರಕಥೆ ಬರೆಯುವ ಕೆಲಸ ಇವಳದು. ಬರೆದ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ಹಕ್ಕೆಲ್ಲ ಈ ಒಬ್ಬನೇ ಮಗನದು. ಅವನು ಒಪ್ಪದೆ ಒಂದು ಸಾಲೂ ಚಿತ್ರ ಬರೆಯುವವರ ಕೈಗೆ ಹೋಗುವಂತಿಲ್ಲ ಎಂದು ಕರಾರಾಗಿತ್ತು.

"ಹಾಗಾದ್ರೆ ಡುಬ್ಬ ಹೇಗೆ ಮಾತಾಡ್ತಾನೆ, ನೀವೇ ಹೇಳಿ ಸರ್." ಅವಳ ದನಿಯಲ್ಲಿ ಸ್ವಲ್ಪ ಖಾರವಿತ್ತು.

"'ನಂಗೆ ಭಯ ಆಗ್ತಿದೆ' ಅಂತ ಬರೆದಿದೀರಿ. ಡುಬ್ಬ ಯಾವತ್ತೂ ಹಾಗನ್ನಲ್ಲ. ಅವನಿಗೆ ಭಯ ಆದಾಗ ಹಸಿವಾಗುತ್ತೆ. 'ಅಜ್ಜೀ, ತಿನ್ನೋಕೆ ಏನಿದೆ' ಅಂತಾನೆ."

ಅವಳು ಸ್ಕ್ರಿಪ್ಟನ್ನು ಹತ್ತಿರ ಎಳೆದುಕೊಂಡು ಆ ಸಾಲು ನೋಡಿದಳು.

ನಿಜ! ಆ ಪುಸ್ತಕಗಳನ್ನು ಓದಿ ಓದಿ ಹಾಳೆ ಸವೆಸಿದ್ದವಳು ಅವಳು. ಇದು ಅವಳಿಗೇ ಹೊಳೆದಿರಲಿಲ್ಲ. ಛೆ! ಕೋಪ ಇಳಿದು ನಾಚಿಕೆ ಏರಿತು.

"ತಿದ್ದಿ ಕೊಡ್ತೀನಿ," ಎಂದಳು.

ಅವನು ಹೊರಟವನು ಬಾಗಿಲಲ್ಲಿ ನಿಂತ. "ಉಳಿದಿದ್ದೆಲ್ಲ... ಚೆನ್ನಾಗಿದೆ," ಎಂದ, ಸಾಲ ವಾಪಸು ಕೊಡುವವನ ಮುಖ ಮಾಡಿಕೊಂಡು.

ಅವಳು ಬರೆಯುತ್ತಿದ್ದ ಕೋಣೆ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಇದ್ದ ಒಂದೇ ಕಿಟಕಿ ಸೂರಿಗೆ ತಾಗಿಕೊಂಡು, ಬೀದಿಯ ಮಟ್ಟಕ್ಕೆ. ಅದರಲ್ಲಿ ಕಾಣುತ್ತಿದ್ದುದು ಹೋಗಿ ಬರುವವರ ಕಾಲುಗಳು ಮಾತ್ರ. ಆ ವರ್ಷ ಮೋಡ ಸರಿದದ್ದೇ ಅಪರೂಪ. ಹಗಲಲ್ಲೂ ದೀಪ ಹಾಕಿಕೊಂಡೇ ಕೂರಬೇಕಿತ್ತು.

ಅವನು ಸಂಜೆಯ ಹೊತ್ತು ಬರುತ್ತಿದ್ದ. ಕಿವಿ ಕೇಳಿಸದವರನ್ನು ಪರೀಕ್ಷೆ ಮಾಡಿ ಮೆಷೀನು ಹಾಕಿಕೊಡುವುದು ಅವನ ವೃತ್ತಿ. ಸ್ಟುಡಿಯೋದವರು 'ಕಿವಿ ಡಾಕ್ಟ್ರು' ಎಂದು ಹೆಸರಿಟ್ಟಿದ್ದರು. "ನಾನು ಡಾಕ್ಟರ್ ಅಲ್ಲ," ಎಂದು ಅವನು ಹೇಳಿ ಹೇಳಿ ಸೋತಿದ್ದ.

"ಕಣ್ಣಲ್ಲಿ ಓದಿದ್ರೆ ನಂಗೆ ಗೊತ್ತಾಗಲ್ಲ ಮೇಡಂ. ನೀವು ಓದಿ, ನಾನು ಕೇಳ್ತೀನಿ," ಎನ್ನುವನು.

ಅವಳು ಓದುವಳು. ಡುಬ್ಬನ ಕೀಚಲು ದನಿಯೂ ಅವಳೇ, ಅಜ್ಜಿಯ ಒರಟು ದನಿಯೂ ಅವಳೇ. ಅವನು ಕಣ್ಣು ಮುಚ್ಚಿ ಕೇಳುವನು. ಸುಳ್ಳು ಮಾತು ಬಂದರೆ ಹುಬ್ಬು ಗಂಟಾಗುತ್ತಿತ್ತು. ನಿಜವಾದದ್ದು ಬಂದರೆ ಉಸಿರು ನಿಧಾನವಾಗುತ್ತಿತ್ತು. ಬರಬರುತ್ತಾ ಅವಳು ಆ ಉಸಿರನ್ನು ನೋಡಿಕೊಂಡೇ ಬರೆಯಲು ಕಲಿತಳು.

ಒಂದು ಸಲ ಅಜ್ಜಿ ಹೆಗ್ಗಣ ಟಿಕೆಟ್ ಕಲೆಕ್ಟರನ ಬೂಟನ್ನು ಬೈಯುವ ಸೀನಿಗೆ ಅವನು ನಕ್ಕುಬಿಟ್ಟ! ತಾನೇ ನಕ್ಕಿದ್ದಕ್ಕೆ ಬೆಚ್ಚಿ ಬಾಯಿ ಮುಚ್ಚಿಕೊಂಡ.

"ಏನಾಯ್ತು?"

"ಏನಿಲ್ಲ... ಅಮ್ಮ ಹೋದ್ಮೇಲೆ..." ಎಂದು ನಿಲ್ಲಿಸಿದ.

ಅವಳು ಮುಂದೆ ಕೇಳಲಿಲ್ಲ. ಆದರೆ ಆ ದಿನದಿಂದ ಅವಳ ಮನಸ್ಸು ಅವಳ ಕೈಯಲ್ಲಿರಲಿಲ್ಲ.

ಇದು ಮೊದಲು ಗೊತ್ತಾದದ್ದು ಅಕ್ಕನಿಗೆ. ಅಕ್ಕನಿಗೆ ಗೊತ್ತಾಗದ್ದು ಯಾವುದಿತ್ತು? ಅಮ್ಮ ತೀರಿಕೊಂಡಾಗ ಇವಳಿನ್ನೂ ಪುಟ್ಟ ಹುಡುಗಿ. ಸಾಕಿ ಸಲಹಿದ್ದು ಅಕ್ಕ. ಡುಬ್ಬನ ಪುಸ್ತಕ ಓದಿ ಮಲಗಿಸಿದ್ದೂ ಅಕ್ಕನೇ.

"ಏನೇ, ಇವತ್ತು ಹೆಗ್ಗಣ ಏನಂತು?"

"ಏನನ್ನುತ್ತೆ? ಸುಮ್ನೆ ಸ್ಕ್ರಿಪ್ಟ್ ಕೇಳ್ತು... ಅಯ್ಯೋ, ಕೇಳಿದ್ರು!"

"ನಾನು ಹೆಗ್ಗಣದ ವಿಷಯ ಕೇಳಿದೆ. ನೀನು ಹೆಗ್ಗಣದ ಯಜಮಾನನ ವಿಷಯ ಹೇಳ್ತಿದೀಯ," ಎಂದು ಅಕ್ಕ ಮುಖ ತಿರುಗಿಸಿ ನಕ್ಕಳು.

"ಹೋಗಕ್ಕಾ!"

ಕಂತುಗಳು ಒಂದೊಂದಾಗಿ ಮುಗಿದು ಕೊನೆಯದು ಬಂತು. ಎಲ್ಲರೂ ಹೆದರುತ್ತಿದ್ದ ಕಂತು ಅದು.

ಕೊನೆಯ ಪುಸ್ತಕದಲ್ಲಿ ಅಜ್ಜಿ ಹೆಗ್ಗಣ ರೈಲು ಹತ್ತಿ ಹೋಗಿಬಿಡುತ್ತಾಳೆ. ವಾಪಸು ಬರುವುದಿಲ್ಲ. ಡುಬ್ಬ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತಿರುತ್ತಾನೆ. ಒಂದು ಮಾತೂ ಆಡುವುದಿಲ್ಲ. ಅಷ್ಟೇ, ಪುಸ್ತಕ ಮುಗಿಯಿತು. ಅಕ್ಕ ಈ ಪುಸ್ತಕವನ್ನು ಇವಳಿಗೆ ಓದಲೇ ಇಲ್ಲ. ಬಟ್ಟೆಯ ಕಪಾಟಿನ ಹಿಂದೆ ಬಚ್ಚಿಟ್ಟಿದ್ದಳು. ಹಾಗೊಂದು ಪುಸ್ತಕ ಇದೆ ಎಂದು ಇವಳಿಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ.

ಆ ಸಂಜೆ ಅವನು ಬಸ್ ನಿಲ್ದಾಣದವರೆಗೆ ಅವಳ ಜೊತೆ ನಡೆದುಬಂದ. ಸಣ್ಣಗೆ ಚಳಿ. ಬಸ್ಸು ಬರುವ ಸೂಚನೆಯೇ ಇರಲಿಲ್ಲ.

"ಅಜ್ಜಿ ಹೋಗೋ ಸೀನು ಹೇಗೆ ಬರೀಲಿ ಅಂತ ಗೊತ್ತಾಗ್ತಿಲ್ಲ," ಎಂದಳು ಅವಳು.

ಅವನು ರಸ್ತೆ ನೋಡುತ್ತಲೇ ಹೇಳಿದ.

"ಕೊನೆಕೊನೆಗೆ ಅಮ್ಮನಿಗೆ ಕಿವಿ ಕೇಳಿಸ್ತಿರ್ಲಿಲ್ಲ. ನಾನೇ ಮೆಷೀನು ಹಾಕಿದ್ದೆ. ಆವತ್ತು ಆಸ್ಪತ್ರೆಲಿ ಪಕ್ಕದಲ್ಲಿ ಕೂತು ಏನೋ ಹೇಳೋಕೆ ಹೋದೆ... ಬಾಯಿಗೆ ಬರಲಿಲ್ಲ. ಅವಳು ನನ್ನ ಮುಖಾನೇ ನೋಡ್ತಿದ್ಲು. ಆಮೇಲೆ, 'ಮೆಷೀನು ತೆಗೆದುಬಿಡು ಕಂದ, ನೀನು ಹೇಳೋದು ನಂಗೊತ್ತು' ಅಂದ್ಲು. ನಾನು ತೆಗೆದೆ. ಮತ್ತೆ ಅವಳು ಕಣ್ಣು ಬಿಡ್ಲಿಲ್ಲ."

ಅವಳು ಮೆಲ್ಲನೆ ಅವನ ಕೈ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

"ಇದನ್ನ ಯಾರಿಗೂ ಹೇಳಿಲ್ಲ ನಾನು."

"ನನ್ನ ಹತ್ರಾನೇ ಇರುತ್ತೆ," ಎಂದಳು ಅವಳು. ಮನಸಾರೆ ಹೇಳಿದಳು. ಆ ಗಳಿಗೆಯಲ್ಲಿ ಅದಕ್ಕಿಂತ ನಿಜವಾದ ಮಾತು ಅವಳ ಬಳಿ ಇರಲಿಲ್ಲ.

ಆದರೆ ಬರೆಯುವವರ ಹೊಟ್ಟೆಯೊಳಗೆ ಹೋದ ಮಾತು ಯಾವಾಗ ಹೊರಬರುತ್ತದೆ ಎಂದು ಬರೆಯುವವರಿಗೂ ಗೊತ್ತಿರುವುದಿಲ್ಲ!

ಕಾರ್ಟೂನಿನಲ್ಲಿ ಒಂದು ಪದ್ಧತಿಯಿದೆ. ಬಣ್ಣ, ಚಲನೆ ಎಲ್ಲ ಬರುವ ಮೊದಲು ಪೆನ್ಸಿಲ್ ಚಿತ್ರಗಳನ್ನೇ ಸಾಲಾಗಿ ಜೋಡಿಸಿ ಸಿನಿಮಾದ ಹಾಗೆ ಓಡಿಸಿ ನೋಡುತ್ತಾರೆ. ದನಿ ಕೊಡುವ ಕಲಾವಿದರು ಆಗಿನ್ನೂ ಬಂದಿರುವುದಿಲ್ಲ. ಆಫೀಸಿನಲ್ಲಿ ಇದ್ದವರೇ ಮೈಕಿನ ಮುಂದೆ ನಿಂತು ಮಾತು ಕೊಡುತ್ತಾರೆ. ಅದಕ್ಕೆ 'ಕಚ್ಚಾ ದನಿ' ಎಂದು ಹೆಸರು. ಸೀನು ಎಷ್ಟು ಉದ್ದ ಎಂದು ಅಳೆಯಲಿಕ್ಕೆ ಮಾತ್ರ ಅದು, ಆಮೇಲೆ ಎಸೆಯುವಂಥದ್ದು. ಅಜ್ಜಿ ಹೆಗ್ಗಣದ ಕಚ್ಚಾ ದನಿ ಅವಳದೇ. ಅಜ್ಜಿ ಹೋಗುವ ಸೀನನ್ನು ಅವಳು ಸದ್ಯಕ್ಕೆ ಪುಸ್ತಕದಲ್ಲಿದ್ದ ಹಾಗೆ ಮಾತಿಲ್ಲದೆ ಬಿಟ್ಟಿದ್ದಳು.

"ಅಕ್ಕಾ, ರೈಲಿನ ಸೀನು ತುಂಬಾ ಖಾಲಿ ಇದೆ," ಎಂದಳು ಎಡಿಟರ್ ಹುಡುಗಿ. "ಸದ್ಯಕ್ಕೆ ಏನಾದ್ರೂ ಒಂದು ಮಾತು ಹೇಳಿ. ಉದ್ದ ಸಿಕ್ಕಿದ್ರೆ ಸಾಕು, ಆಮೇಲೆ ತೆಗೀತೀನಿ."

ಅವಳು ಮೈಕಿನ ಮುಂದೆ ಕಣ್ಣು ಮುಚ್ಚಿದಳು. ರೈಲಿನ ಕಿಟಕಿಯಲ್ಲಿ ಅಜ್ಜಿ. ಕೆಳಗೆ ಮರಿ, ಗಂಟಲು ಕಟ್ಟಿ ನಿಂತಿದೆ...

"ಸುಮ್ನಿರು ಮರಿ. ನೀನು ಹೇಳೋದು ನಂಗೊತ್ತು."

ಹೇಳಿದ ಕ್ಷಣವೇ ಅವಳು ಮೈಕಿನಿಂದ ಹಿಂದೆ ಸರಿದಳು. 'ಅಯ್ಯೋ! ಏನು ಹೇಳಿಬಿಟ್ಟೆ!'

"ಅದನ್ನ ತೆಗೆದುಬಿಡು. ಈಗ್ಲೇ ತೆಗಿ."

"ಸರಿ ಅಕ್ಕಾ," ಎಂದಳು ಹುಡುಗಿ. ಆ ಮಾತಿಗೆ ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಳಿಸಲು ಕೈ ಹೋಯಿತು, ಆಗಲಿಲ್ಲ. ಆ ಹುಡುಗಿಯದು ಕೆಟ್ಟ ಮನಸ್ಸಲ್ಲ. ಅಷ್ಟು ಒಳ್ಳೆಯ ಮಾತನ್ನು ಕೊಲ್ಲುವುದು ಹೇಗೆ ಎಂದು ಸುಮ್ಮನಾದಳು. ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಮರೆತಳು. ನಮ್ಮವಳೂ ಇನ್ನೊಮ್ಮೆ ಹಾಕಿ ನೋಡಲಿಲ್ಲ. ನೋಡಬೇಕಿತ್ತು.

ಪ್ರದರ್ಶನದ ದಿನ ಬಂತು. ಕತ್ತಲು ಕೋಣೆಯಲ್ಲಿ ಚಾನೆಲ್ಲಿನವರು, ನಿರ್ದೇಶಕ, ಅವನು. ಅವಳು ಅವನ ಪಕ್ಕದಲ್ಲೇ ಕೂತಿದ್ದಳು. ಪೆನ್ಸಿಲ್ ಗೆರೆಯ ರೈಲು ಅಲುಗಿತು. ಅಜ್ಜಿ ಕಿಟಕಿಯಿಂದ ಬಗ್ಗಿದಳು.

"ಸುಮ್ನಿರು ಮರಿ. ನೀನು ಹೇಳೋದು ನಂಗೊತ್ತು."

ಅವಳಿಗೆ ಪಕ್ಕಕ್ಕೆ ತಿರುಗುವ ಧೈರ್ಯವಾಗಲಿಲ್ಲ. ಅವನ ಉಸಿರಾಟದ ಸದ್ದು ನಿಂತುಹೋಗಿತ್ತು.

ದೀಪ ಹತ್ತಿತು. ಚಾನೆಲ್ಲಿನ ಮೇಡಂ ಚಪ್ಪಾಳೆ ತಟ್ಟಿದರು.

"ಸೂಪರ್! ಈ ಡೈಲಾಗನ್ನೇ ಪ್ರೋಮೋಗೆ ಹಾಕೋಣ. ಮಕ್ಕಳ ಟೀ ಶರ್ಟ್ ಮೇಲೂ ಪ್ರಿಂಟ್ ಮಾಡಿಸ್ಬಹುದು! ಆದ್ರೆ ಒಂದೇ ಒಂದು ಬದಲಾವಣೆ. ಕೊನೇಲಿ ಅಜ್ಜಿ ಅದೇ ರೈಲಲ್ಲಿ ವಾಪಸ್ ಬಂದುಬಿಡ್ಲಿ. ಪಾಪ, ಮಕ್ಕಳು ಅಳಬಾರದು."

ಅವನು ಎದ್ದು ಹೊರಗೆ ಹೋದ. ಅವಳು ಹಿಂದೆಯೇ ಓಡಿದಳು.

"ಒಂದ್ನಿಮಿಷ ಕೇಳಿ..."

ಅವನು ತಿರುಗಿದ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಮುಖದಲ್ಲಿ ಏನೂ ಇರಲಿಲ್ಲ.

"ಆವತ್ತು ಬಸ್‌ಸ್ಟಾಪಲ್ಲಿ ನನ್ನ ಕೈ ಹಿಡ್ಕೊಂಡಿದ್ದು ಇದಕ್ಕೇನಾ?"

"ಅಲ್ಲ! ದೇವರಾಣೆ ಅಲ್ಲ..."

"ನಮ್ಮಮ್ಮನ ಸಾವು ನಿಮಗೊಂದು ಸೀನಾ ಮೇಡಂ? ಅದಕ್ಕೆ ಚಪ್ಪಾಳೆ ಬೇರೆ ಬಿತ್ತು. ಸಂತೋಷ ಆಯ್ತಾ?"

'ಆ ಹುಡುಗಿ ತೆಗೆಯೋಕೆ ಮರೆತಳು ಅನ್ನು. ಅನ್ನು!' ಎಂದು ಒಳಗೊಂದು ದನಿ ಕೂಗಿತು. ಆದರೆ ಹಾಗೆಂದರೆ ಆ ಹುಡುಗಿಯ ಕೆಲಸ ಹೋಗುತ್ತಿತ್ತು. ಅಷ್ಟಕ್ಕೂ ಆಡಿದ ಬಾಯಿ ಯಾರದು?

"ಮಾತು ನನ್ನ ಬಾಯಿಂದಾನೇ ಬಂತು," ಎಂದಳು.

"ಕೊನೆ ಕಂತಿಗೆ ನನ್ನ ಒಪ್ಪಿಗೆ ಇಲ್ಲ. ಹೇಳಿಬಿಡಿ ಅವರಿಗೆ."

ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆಮೇಲಿನ ದಿನಗಳು ಹೇಗೆ ಕಳೆದವೋ! ಅವಳು ಫೋನು ಮಾಡಿದರೆ ಅವನು ಎತ್ತಲಿಲ್ಲ. ಸಂಜೆಯಾದರೆ ಕಿವಿ ಮೆಟ್ಟಿಲ ಕಡೆಗೇ. ಯಾರದೋ ಹೆಜ್ಜೆ ಕೇಳಿದರೆ ಪೆನ್ನು ಕೆಳಗಿಡುವಳು, ಆ ಹೆಜ್ಜೆ ಮುಂದೆ ಹೋದರೆ ಮತ್ತೆ ಎತ್ತಿಕೊಳ್ಳುವಳು.

ನಿರ್ದೇಶಕ ಬಂದು ಕುರ್ಚಿ ಎಳೆದುಕೊಂಡ.

"ನೋಡಮ್ಮ, ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅಜ್ಜಿ ವಾಪಸ್ ಬರೋ ಹಾಗೆ ಬರೆದುಬಿಡು, ಆ ಡೈಲಾಗ್ ಇರ್ಲಿ. ಕಿವಿ ಡಾಕ್ಟ್ರನ್ನ ನಾನು ಹೇಗಾದ್ರೂ ಒಪ್ಪಿಸ್ತೀನಿ."

"ಆ ಮಾತು ಇರಲ್ಲ ಸರ್. ಅಜ್ಜಿ ವಾಪಸ್ಸೂ ಬರಲ್ಲ."

"ಹಾಗಾದ್ರೆ ಬೇರೆಯವರ ಕೈಲಿ ಬರೆಸ್ತೀನಿ."

"ಬರೆಸಿ."

ಇಷ್ಟು ಸುಲಭವಾಗಿ ಅವಳ ಬಾಯಿಂದ ಆ ಪದ ಬಂತು. ಡುಬ್ಬ ಅವಳ ಬಾಲ್ಯ, ಅವಳ ಅನ್ನ, ಅವಳು ಕಂಡ ಏಕೈಕ ಕನಸು! ಆದರೂ ಬಂತು. ಹೊರಡುವ ಮುನ್ನ ಎಡಿಟರ್ ಹುಡುಗಿಯ ಪಕ್ಕದಲ್ಲಿ ಕೂತು ಆ ಮಾತನ್ನು ತಾನೇ ಅಳಿಸಿದಳು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

"ನಂದೇ ತಪ್ಪಕ್ಕಾ. ನಾನೇ ಹೋಗಿ ಅವರಿಗೆ ಹೇಳ್ತೀನಿ."

"ಬೇಡ ಪುಟ್ಟಾ. ನಂದು ನಾನು ಹೇಳ್ಕೋಬೇಕು."

ಹೇಳಿಕೊಳ್ಳಬೇಕು ಎಂದವಳು ಮನೆಗೆ ಹೋಗಿ ಹೊದ್ದು ಮಲಗಿದಳು. ಅಕ್ಕ ನೋಡುವಷ್ಟು ನೋಡಿ, ಒಂದು ಬೆಳಿಗ್ಗೆ ಹೊದಿಕೆ ಎಳೆದಳು.

"ಎದ್ದೇಳು. ತಪ್ಪು ಮಾಡಿದ್ದು ನೀನು, ಕ್ಷಮೆ ಕೇಳ್ಬೇಕಾದ್ದು ನೀನು. ಕ್ಷಮಿಸೋದು ಬಿಡೋದು ಅವನಿಷ್ಟ."

"ಬೈದ್ರೆ?"

"ಬೈಸ್ಕೊಂಡು ಬಾ. ಬೈಗುಳ ತಿಂದು ಯಾರೂ ಸತ್ತಿಲ್ಲ." ಅಕ್ಕ ಹಾಸಿಗೆಯ ತುದಿಯಲ್ಲಿ ಕೂತಳು. "ಆ ಕೊನೇ ಪುಸ್ತಕ ಬಚ್ಚಿಟ್ಟಿದ್ನಲ್ಲ... ನೀನು ಅಳ್ತೀಯ ಅಂತಲ್ಲ ಕಣೇ. ಅಮ್ಮ ಹೋಗಿ ಇನ್ನೂ ವರ್ಷ ಆಗಿರ್ಲಿಲ್ಲ. ಅದನ್ನ ಓದೋಕೆ ನಂಗೇ ಗಂಟಲು ಬರ್ತಿರ್ಲಿಲ್ಲ. ಅವನ ಕಷ್ಟ ನಂಗೆ ಅರ್ಥ ಆಗುತ್ತೆ. ಹೋಗು."

ಅವನ ಅಂಗಡಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಬೆಂಚಿನ ತುಂಬ ವಯಸ್ಸಾದವರು. ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಿದ್ದರು, ಯಾರ ಮಾತೂ ಯಾರಿಗೂ ತಲುಪುತ್ತಿರಲಿಲ್ಲ. ಅವಳು ಕೊನೆಯಲ್ಲಿ ಕೂತು ತನ್ನ ಪಾಳಿಗೆ ಕಾದಳು.

ಒಳಗೆ ಬಂದವಳನ್ನು ಕಂಡು ಅವನ ಕೈ ನಿಂತಿತು. ಮೊದಲಿಗಿಂತ ಇಳಿದುಹೋಗಿದ್ದ.

"ಏನು ತೊಂದರೆ?" ಎಂದ, ಪೇಷಂಟನ್ನು ಕೇಳುವ ದನಿಯಲ್ಲೇ.

"ಟೆಸ್ಟ್ ಮಾಡಿಸ್ಕೊಳ್ಳೋಕೆ ಬಂದೆ."

ಸುಳ್ಳೆಂದು ಇಬ್ಬರಿಗೂ ಗೊತ್ತು. ಹೊರಗೆ ಹೋಗಿ ಎನ್ನಬಹುದಿತ್ತು ಅವನು. ಯಾಕೋ ಗಾಜಿನ ಕಿಟಕಿಯ ಪುಟ್ಟ ಕೋಣೆಯತ್ತ ಕೈ ತೋರಿಸಿದ.

ಒಳಗೆ ಗೋಡೆಗೆಲ್ಲ ಮೆತ್ತೆ. ಬಾಗಿಲು ಮುಚ್ಚಿದರೆ ಲೋಕವೇ ಇಲ್ಲವಾಯಿತು. ಎದುರಿಗೊಂದು ಪುಟ್ಟ ಮೈಕು. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಗಾಜಿನ ಆಚೆ ಅವನು ಒಂದು ರಟ್ಟಿನ ತುಂಡನ್ನು ಬಾಯಿಗೆ ಅಡ್ಡ ಹಿಡಿದ. ತುಟಿ ನೋಡಿ ಊಹಿಸಬಾರದು ಎಂದು ಹಾಗೆ ಹಿಡಿಯುವುದು.

"ನಾನು ಹೇಳಿದ್ದನ್ನ ತಿರುಗಿ ಹೇಳಿ." ಅವನ ದನಿ ಅವಳ ಕಿವಿಯೊಳಗೇ ಇತ್ತು. "ಮರ."

"ಮರ."

"ಹಾಲು."

"ಹಾಲು."

"ಬಾಗಿಲು."

"ಕ್ಷಮಿಸಿ."

ರಟ್ಟು ಅಲುಗಿತು. "ನಾನು ಆ ಪದ ಹೇಳ್ಲಿಲ್ಲ."

"ಗೊತ್ತು. ನಾನು ಹೇಳಿದ್ದು." ಅವಳ ಕಣ್ಣು ತುಂಬಿತು. "ಅದು ಕಚ್ಚಾ ದನಿ. ಮೈಕ್ ಮುಂದೆ ಬಾಯಿಂದ ಬಂದುಬಿಡ್ತು. ತೆಗೀರಿ ಅಂದಿದ್ದೆ, ತೆಗೆದಿರ್ಲಿಲ್ಲ. ಆದ್ರೂ ತಪ್ಪು ನಂದೇ, ನೀವು ನಂಬಿ ಕೊಟ್ಟಿದ್ದನ್ನ ಕಾಪಾಡ್ಕೊಳ್ಳಲಿಲ್ಲ. ಈಗ ಆ ಮಾತು ಅಲ್ಲಿ ಇಲ್ಲ. ನಾನೂ ಅಲ್ಲಿಲ್ಲ, ಕೆಲಸ ಬಿಟ್ಟೆ. ಬೇರೆಯವರ ಕೈಲಿ ಅಜ್ಜಿ ವಾಪಸ್ ಬರೋ ಹಾಗೆ ಬರೆಸ್ತಾರೆ. ನೀವು ಒಪ್ಪಬೇಡಿ. ಇಷ್ಟು ಹೇಳಿ ಹೋಗೋಣ ಅಂತ ಬಂದೆ."

ಅವಳು ಹೆಡ್‌ಫೋನಿಗೆ ಕೈ ಹಾಕಿದಳು.

"ತೆಗೀಬೇಡಿ."

ಅವಳ ಕೈ ಅಲ್ಲೇ ನಿಂತಿತು.

"ಆ ಮಾತು ಕೇಳಿ ನಂಗ್ಯಾಕೆ ಅಷ್ಟು ಸಂಕಟ ಆಯ್ತು ಗೊತ್ತಾ? ಅದು ಸುಳ್ಳು. ಅಮ್ಮನಿಗೆ ಗೊತ್ತಿರ್ಲಿಲ್ಲ. ನಾನು ಬಾಯೇ ಬಿಡ್ಲಿಲ್ಲ, ಅವಳಿಗೆ ಹೇಗೆ ಗೊತ್ತಾಗುತ್ತೆ? ನನ್ನ ಸಮಾಧಾನಕ್ಕೆ ಹಾಗಂದ್ಲು. ಊರವರ ಕಿವಿಗೆಲ್ಲ ಮಾತು ತಲುಪಿಸೋನು ನಾನು... ನಮ್ಮಮ್ಮನಿಗೆ ಒಂದು ಮಾತು ತಲುಪಿಸೋಕಾಗ್ಲಿಲ್ಲ."

"ಏನು ಹೇಳ್ಬೇಕಿತ್ತು?"

ಅವನು ರಟ್ಟನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದ.

"ತಿರುಗಿ ಹೇಳ್ತೀರಾ?" ಎಂದ ಅವನು.

"ಹೇಳ್ತೀನಿ."

"ಹೋಗ್ಬೇಡ ಅಮ್ಮ."

ಅವಳು ಕಣ್ಣೊರೆಸಿಕೊಂಡಳು. ಆ ಮಾತಿನ ಒಂದು ಅಕ್ಷರವೂ ಚೆಲ್ಲಬಾರದೆಂದು ಮೆಲ್ಲಗೆ ಹೇಳಿದಳು. "ಹೋಗ್ಬೇಡ ಅಮ್ಮ."

ರಟ್ಟು ಕೆಳಗೆ ಬಿತ್ತು. ಗಾಜಿನ ಆಚೆ ಆ ದೊಡ್ಡ ಆಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ತಾಯಿ ಹೋದ ದಿನ ಅಳಬೇಕಾಗಿದ್ದುದು ಅದು.

ಅವಳು ಭಾರದ ಬಾಗಿಲು ತಳ್ಳಿ ಬಂದು ಅವನ ಪಕ್ಕ ನಿಂತಳು. ಬೆನ್ನಿನ ಮೇಲೆ ಕೈಯಿಟ್ಟಳು.

"ಅಜ್ಜಿ ಹೋಗ್ಲಿ," ಎಂದ ಅವನು, ಕಣ್ಣೊರೆಸಿಕೊಂಡ ಮೇಲೆ. "ಹೋದವರು ವಾಪಸ್ ಬರಲ್ಲ, ಮಕ್ಕಳಿಗೆ ಸುಳ್ಳು ಹೇಳೋದು ಬೇಡ. ಆದ್ರೆ ಡುಬ್ಬ ಸುಮ್ನೆ ನಿಲ್ಲೋದು ಬೇಡ. ಹೇಳ್ಬೇಕಾದ್ದು ಹೇಳ್ಲಿ. ಅಜ್ಜಿ ಅದನ್ನ ಕೇಳಿಸ್ಕೊಂಡು ಹೋಗ್ಲಿ."

"ಯಾರು ಬರೀತಾರೆ?"

"ನೀವು. ಬೇರೆಯವರು ಬರೆದ್ರೆ ನನ್ನ ಒಪ್ಪಿಗೆ ಇಲ್ಲ. ನಿಮ್ಮ ನಿರ್ದೇಶಕರಿಗೆ ನಾನೇ ಫೋನ್ ಮಾಡ್ತೀನಿ."

"ಇಷ್ಟಾದ್ಮೇಲೂ ನನ್ನ ನಂಬ್ತೀರಾ?"

ಅವನು ಅವಳ ಮುಖ ನೋಡಿದ. "ಇಷ್ಟು ದಿನ ಸಂಜೆ ಆದ್ರೆ ಎಲ್ಲಿ ಕೂತ್ಕೊಳ್ಳೋದು ಅಂತಾನೇ ಗೊತ್ತಾಗ್ಲಿಲ್ಲ ನಂಗೆ. ಫೋನ್ ಬಂದಾಗೆಲ್ಲ ನೋಡ್ತಾ ಕೂರ್ತಿದ್ದೆ, ಎತ್ತೋಕೆ ಧೈರ್ಯ ಬರ್ತಿರ್ಲಿಲ್ಲ." ಅವಳ ಕಡೆ ಒಂದು ಹೆಜ್ಜೆ ಇಟ್ಟ. "ನಾನು... ನಿಮ್ಮನ್ನ..."

ಬರಲಿಲ್ಲ. ಪಾಪ, ಆ ಬಾಯಿಯ ಹಣೆಬರಹವೇ ಅಷ್ಟು!

ಬಾಗಿಲು ದಬದಬ ಬಡಿದ ಸದ್ದಾಯಿತು. "ಡಾಕ್ಟ್ರೇ! ನನ್ನ ಪಾಳಿ ಯಾವಾಗ?" ಎಂದು ಹೊರಗೆ ಒಬ್ಬ ಅಜ್ಜ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

ಅವಳಿಗೆ ಅಳುವಿನ ನಡುವೆಯೂ ನಗು ಬಂತು.

"ನಾನು ಹೇಳ್ತೀನಿ," ಎಂದಳು ಅವಳು. "ನೀವು ತಿರುಗಿ ಹೇಳಿ."

ಅವನು ತಲೆಯಾಡಿಸಿದ.

"ನಾನು ನಿಮ್ಮನ್ನ ಪ್ರೀತಿಸ್ತೀನಿ."

"ನಾನು... ನಿಮ್ಮನ್ನ ಪ್ರೀತಿಸ್ತೀನಿ."

"ತುಂಬಾ ಮೆಲ್ಲಗೆ ಹೇಳಿದ್ರಿ."

"ಹೊರಗೆ ಎಲ್ರೂ ಕೂತಿದಾರೆ..."

"ಅವರಿಗೆ ಎಲ್ಲಿ ಕೇಳಿಸುತ್ತೆ? ಜೋರಾಗಿ ಹೇಳಿ."

ಅವನು ಅವಳ ಕೈ ಹಿಡಿದುಕೊಂಡು ಜೋರಾಗಿಯೇ ಹೇಳಿದ.